ಸ್ವಿಚ್ ಹಳೆಯದಾಗಿದ್ದಕ್ಕೇ ನೆಟ್‌ವರ್ಕ್ ನಿಲ್ಲುತ್ತಿದೆಯಾ?

ಪ್ರಶ್ನೆ: ನಮ್ಮ ಕಚೇರಿಯ ಎರಡು ಮಹಡಿಗಳಲ್ಲಿ ಸುಮಾರು 40 ಕಂಪ್ಯೂಟರ್‌ಗಳಿವೆ. ಕಂಪ್ಯೂಟರ್ ವಿಷಯ ಸ್ವಲ್ಪ ಗೊತ್ತು ಅಂತ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೆ ಬಂದಿದೆ. ರೌಟರ್ ಪಕ್ಕದಲ್ಲಿ 24 ಪೋರ್ಟಿನ (ಕೇಬಲ್ ಚುಚ್ಚುವ 24 ಕಿಂಡಿಗಳ) ಗಿಗಾಬಿಟ್ ಸ್ವಿಚ್ ಇದೆ, ಅಂದರೆ ಕಂಪ್ಯೂಟರ್ ಕೇಬಲ್‌ಗಳನ್ನೆಲ್ಲ ಸೆಕೆಂಡಿಗೆ 1000 ಮೆಗಾಬಿಟ್ ವೇಗದಲ್ಲಿ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ಅಲ್ಲಿಂದ ಒಂದೊಂದು ಕೋಣೆಯ 8 ಪೋರ್ಟಿನ ಸಣ್ಣ ಸ್ವಿಚ್‌ಗಳಿಗೆ ಕೇಬಲ್ ಹೋಗಿದೆ. ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸ್ವಿಚ್‌ನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಎಳೆದಿದ್ದೇವೆ. ಯಾವುದಕ್ಕೂ ಸೆಟ್ಟಿಂಗ್ ಇಲ್ಲ. ಕೇಬಲ್ ಚುಚ್ಚಿದರೆ ಕೆಲಸ ಮಾಡುತ್ತವೆ, ಅಷ್ಟೆ.

ಕೆಲವು ತಿಂಗಳಿಂದ ವಾರಕ್ಕೆ ಒಂದೆರಡು ಸಲ ಇಡೀ ನೆಟ್‌ವರ್ಕ್ ನಿಂತುಬಿಡುತ್ತದೆ. ಇಂಟರ್ನೆಟ್, ಪ್ರಿಂಟರ್, ಫೈಲ್ ಸರ್ವರ್ ಯಾವುದೂ ಸಿಗುವುದಿಲ್ಲ. ಆಗ ಎಲ್ಲ ಸ್ವಿಚ್‌ಗಳ ಲೈಟುಗಳೂ ಒಟ್ಟಿಗೆ ಜೋರಾಗಿ ಮಿನುಗುತ್ತಿರುತ್ತವೆ. ದೊಡ್ಡ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಒಂದು ನಿಮಿಷದಲ್ಲಿ ಮತ್ತೆ ಅದೇ ಕಥೆ. ಆಮೇಲೆ ಯಾವಾಗಲೋ ತಾನಾಗಿಯೇ ಸರಿಯಾಗುತ್ತದೆ. ಹೆಚ್ಚಾಗಿ ಮೇಲಿನ ಸಭಾ ಕೋಣೆಯಲ್ಲಿ ಮೀಟಿಂಗ್ ಇದ್ದ ದಿನವೇ ಹೀಗಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಜನ ಜಾಸ್ತಿ ಬಂದು ಲೋಡ್ ಆಗುತ್ತದೆಯೇನೋ. ಸಾಮಾನು ಪೂರೈಸುವವರು 'ಸ್ವಿಚ್ ಹಳೆಯದು, ಅದರ ಸಾಮರ್ಥ್ಯ ತುಂಬಿದೆ, ದುಬಾರಿಯದು ಹಾಕಿ' ಎನ್ನುತ್ತಾರೆ. ಇನ್ನೊಬ್ಬರು '24 ಪೋರ್ಟ್ ಇದ್ದರೆ ವೇಗ 24 ಪಾಲಾಗುತ್ತದೆ' ಎಂದರು. ಮತ್ತೊಬ್ಬರು 'ಮೂರಕ್ಕಿಂತ ಜಾಸ್ತಿ ಸ್ವಿಚ್ ಸಾಲಾಗಿ ಜೋಡಿಸಬಾರದು' ಎಂದರು. ಇದಲ್ಲದೆ, ಲೆಕ್ಕಪತ್ರ ವಿಭಾಗದ ಒಂದೇ ಒಂದು ಕಂಪ್ಯೂಟರ್‌ನಲ್ಲಿ ದೊಡ್ಡ ಫೈಲ್ ಕಾಪಿ ಆಗಲು ಬಹಳ ಹೊತ್ತು ಹಿಡಿಯುತ್ತದೆ. ಹೊಸ ಸ್ವಿಚ್ ಕೊಳ್ಳಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಸೇರಿಕೊಂಡಿವೆ. ಎರಡಕ್ಕೂ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಇಡೀ ನೆಟ್‌ವರ್ಕ್ ನಿಲ್ಲುವುದು ಒಂದು, ಲೆಕ್ಕಪತ್ರದವರ ನಿಧಾನದ ಕಂಪ್ಯೂಟರ್ ಇನ್ನೊಂದು. ಎರಡನೆಯದು ಬಹುತೇಕ ಕೇಬಲ್ ಸಮಸ್ಯೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ಕಾರಣ ಸಭಾ ಕೋಣೆಯಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿಮ್ಮ ಸಹೋದ್ಯೋಗಿ ಗಮನಿಸಿದ್ದು ತುಂಬ ಬೆಲೆಯುಳ್ಳ ಸುಳಿವು. ಆದರೆ ಕಾರಣ ಜನ ಜಾಸ್ತಿಯಾಗುವುದಲ್ಲ. ಅಲ್ಲಿ ಯಾರೋ ಕೇಬಲ್‌ನ ಎರಡೂ ತುದಿಗಳನ್ನು ನೆಟ್‌ವರ್ಕ್‌ಗೇ ಚುಚ್ಚುತ್ತಿದ್ದಾರೆ. ಇದಕ್ಕೆ ಲೂಪ್ ಎನ್ನುತ್ತಾರೆ. ಹೊಸ ಸ್ವಿಚ್‌ಗೆ ಆರ್ಡರ್ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿ. ಲೂಪ್ ಹಾಗೇ ಇದ್ದರೆ, ಸೆಟ್ಟಿಂಗ್ ಮಾಡದ ದುಬಾರಿ ಸ್ವಿಚ್ ಕೂಡ ಅದೇ ರೀತಿ ನಿಂತುಬಿಡುತ್ತದೆ.

ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಸ್ವಿಚ್ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು. ಅದು ಅಂದುಕೊಂಡಷ್ಟು ಕಷ್ಟದ ವಿಷಯವಲ್ಲ.

ಪ್ರತಿ ನೆಟ್‌ವರ್ಕ್ ಕಾರ್ಡ್‌ಗೂ ತಯಾರಾಗುವಾಗಲೇ ಒಂದು ವಿಳಾಸ ಕೊಟ್ಟಿರುತ್ತಾರೆ. ಅದೇ ಮ್ಯಾಕ್ ವಿಳಾಸ. ಅದರ ಉದ್ದ 48 ಬಿಟ್. ಮೊದಲ ಅರ್ಧ ತಯಾರಕರ ಗುರುತು, ಉಳಿದರ್ಧ ಆ ಕಾರ್ಡ್‌ನ ಗುರುತು. ಕಂಪ್ಯೂಟರ್ ಕಳಿಸುವ ಮಾಹಿತಿ ಫ್ರೇಮ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಸಾಮಾನ್ಯ ಫ್ರೇಮ್ 64 ಬೈಟ್‌ನಿಂದ 1518 ಬೈಟ್‌ವರೆಗೆ ಇರುತ್ತದೆ. ಅದರ ಮೊದಲಿಗೆ ತಲುಪಬೇಕಾದವರ ಮ್ಯಾಕ್ ವಿಳಾಸ, ಆಮೇಲೆ ಕಳಿಸಿದವರ ಮ್ಯಾಕ್ ವಿಳಾಸ. ಸ್ವಿಚ್ ನೋಡುವುದು ಇವೆರಡನ್ನೇ. ಒಳಗೆ ಇಮೇಲ್ ಇದೆಯೋ, ವಿಡಿಯೊ ಇದೆಯೋ ಅದಕ್ಕೆ ಬೇಕಿಲ್ಲ. ನೆಟ್‌ವರ್ಕ್‌ಗೆ ಸೇರಿದಾಗ ಯಂತ್ರಕ್ಕೆ ಸಿಗುವ ಇನ್ನೊಂದು ವಿಳಾಸವಿದೆ, ಅದು ಐಪಿ ವಿಳಾಸ. ನಿಮ್ಮಲ್ಲಿರುವಂಥ ಸಾಮಾನ್ಯ ಸ್ವಿಚ್ ಅದನ್ನೂ ನೋಡುವುದಿಲ್ಲ.

ಹೊಸದಾಗಿ ಆನ್ ಆದ ಸ್ವಿಚ್‌ಗೆ ಯಾರು ಎಲ್ಲಿದ್ದಾರೆ ಎಂದು ಒಂದಿಷ್ಟೂ ಗೊತ್ತಿರುವುದಿಲ್ಲ. ಅದು ಕಲಿಯುವುದು ಕಳಿಸಿದವರ ವಿಳಾಸ ನೋಡಿ. 5ನೇ ಪೋರ್ಟಿನ ಕಂಪ್ಯೂಟರ್‌ನಿಂದ ನೀವು ಪ್ರಿಂಟ್ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಕಂಪ್ಯೂಟರ್‌ಗೆ ಪ್ರಿಂಟರ್‌ನ ಐಪಿ ಗೊತ್ತು, ಮ್ಯಾಕ್ ಗೊತ್ತಿಲ್ಲ. ಹಾಗಾಗಿ 'ಈ ಐಪಿ ಯಾರದು, ನಿಮ್ಮ ಮ್ಯಾಕ್ ಹೇಳಿ' ಎಂದು ಎಲ್ಲರನ್ನೂ ಕೇಳುತ್ತದೆ. ಇದು ಬ್ರಾಡ್‌ಕಾಸ್ಟ್. ಸ್ವಿಚ್ ಅದನ್ನು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ಅದೇ ಹೊತ್ತಿಗೆ 'ಈ ಮ್ಯಾಕ್ 5ನೇ ಪೋರ್ಟಿನಲ್ಲಿದೆ' ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಪ್ರಿಂಟರ್ 11ನೇ ಪೋರ್ಟಿನಿಂದ ಉತ್ತರ ಕೊಟ್ಟ ಕೂಡಲೇ ಅದರ ವಿಳಾಸವೂ ಪಟ್ಟಿಗೆ ಸೇರುತ್ತದೆ. ಆಮೇಲೆ ಅವರಿಬ್ಬರ ಮಾತು 5 ಮತ್ತು 11ರ ನಡುವೆ ಮಾತ್ರ ಓಡಾಡುತ್ತದೆ. ಬೇರೆ ಪೋರ್ಟ್‌ಗಳಿಗೆ ಅದರ ಸುದ್ದಿಯೇ ಇರುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ ವಿಳಾಸಕ್ಕೆ ಫ್ರೇಮ್ ಬಂದರೆ ಸ್ವಿಚ್ ಅದನ್ನು ಎಸೆಯುವುದಿಲ್ಲ. ಬ್ರಾಡ್‌ಕಾಸ್ಟ್‌ನಂತೆ ಎಲ್ಲ ಕಡೆಗೂ ಕಳಿಸುತ್ತದೆ. ಹೇಗೂ ಆ ಯಂತ್ರ ಉತ್ತರ ಕೊಟ್ಟಾಗ ಗೊತ್ತಾಗುತ್ತದಲ್ಲ. ಯಾರಾದರೂ ಬಹಳ ಹೊತ್ತು ಏನೂ ಕಳಿಸದಿದ್ದರೆ ಅವರ ಹೆಸರನ್ನು ಪಟ್ಟಿಯಿಂದ ಅಳಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಇಟ್ಟಿರುವ ಅವಧಿ 300 ಸೆಕೆಂಡ್. ಇನ್ನೊಂದು ಮುಖ್ಯ ನಿಯಮವಿದೆ. ಪಟ್ಟಿಯಲ್ಲಿರುವ ಮ್ಯಾಕ್ ಬೇರೆ ಪೋರ್ಟಿನಿಂದ ಕಾಣಿಸಿಕೊಂಡರೆ, ಯಂತ್ರವನ್ನು ಅಲ್ಲಿಗೆ ಬದಲಾಯಿಸಿದ್ದಾರೆ ಎಂದುಕೊಂಡು ಸ್ವಿಚ್ ಹಳೆಯದನ್ನು ತಿದ್ದುತ್ತದೆ. ತಾನು ಕೊನೆಗೆ ಕಂಡದ್ದನ್ನೇ ಅದು ನಂಬುತ್ತದೆ. ನೆಟ್‌ವರ್ಕ್ ಸರಿಯಾಗಿದ್ದಾಗ ಈ ನಂಬಿಕೆಯೇ ಅದರ ಶಕ್ತಿ. ಲೂಪ್ ಆದಾಗ ಇದೇ ಎಲ್ಲವನ್ನೂ ಕೆಡಿಸುತ್ತದೆ.

ಈಗ ನಿಮಗೆ ಸಿಕ್ಕ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಪೋರ್ಟ್ ಎಷ್ಟಿದೆಯೋ ಅಷ್ಟು ಪಾಲಾಗಿ ವೇಗ ಹಂಚಿಹೋಗುತ್ತದೆ ಎಂಬುದು ಸ್ವಿಚ್ ವಿಷಯದಲ್ಲಿ ನಿಜವಲ್ಲ. ಆದರೆ ಅದು ಆಧಾರವಿಲ್ಲದ ಮಾತೂ ಅಲ್ಲ, ಹಿಂದೆ ನಿಜವಾಗಿತ್ತು. ಕಚೇರಿಯ ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಈ ವಿಧಾನದ ಹೆಸರು ಈಥರ್‌ನೆಟ್. ಅದು ಹುಟ್ಟಿದ್ದು 1973ರಲ್ಲಿ, ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದನ್ನು ಕಟ್ಟಿದಾಗ ಎಲ್ಲ ಯಂತ್ರಗಳೂ ಒಂದೇ ದಪ್ಪ ಕೇಬಲ್‌ಗೆ ಅಂಟಿಕೊಂಡಿರುತ್ತಿದ್ದವು. ಒಂದು ಸಲಕ್ಕೆ ಒಬ್ಬರು ಮಾತ್ರ ಕಳಿಸಬಹುದಿತ್ತು. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿಯಾಗಿ ಎರಡೂ ಹಾಳಾಗುತ್ತಿತ್ತು, ಸ್ವಲ್ಪ ಕಾದು ಮತ್ತೆ ಕಳಿಸಬೇಕಿತ್ತು. ಆಮೇಲೆ ಬಂದ ಹಬ್ ಕೂಡ ಒಳಗೆ ಹಾಗೇ ಇತ್ತು. ಒಂದು ಪೋರ್ಟಿಗೆ ಬಂದದ್ದನ್ನು ಹಿಂದೆಮುಂದೆ ನೋಡದೆ ಎಲ್ಲ ಪೋರ್ಟ್‌ಗಳಿಗೂ ಸುರಿಯುತ್ತಿತ್ತು. ಅಲ್ಲಿ ವೇಗ ನಿಜವಾಗಿಯೂ ಹಂಚಿಹೋಗುತ್ತಿತ್ತು. 1990ರಲ್ಲಿ ಕಲ್ಪನಾ ಎಂಬ ಕಂಪನಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. 1994ರಲ್ಲಿ ಆ ಕಂಪನಿಯನ್ನು ಸಿಸ್ಕೊ ಕೊಂಡುಕೊಂಡಿತು. ಸ್ವಿಚ್ ಬಂದ ಮೇಲೆ ಪ್ರತಿ ಪೋರ್ಟಿಗೂ ಪ್ರತ್ಯೇಕ ದಾರಿ ಸಿಕ್ಕಿತು. ಕಳಿಸುವುದು ಮತ್ತು ಪಡೆಯುವುದು ಒಟ್ಟಿಗೇ ನಡೆಯುವಂತಾಯಿತು. ಡಿಕ್ಕಿ ಎಂಬ ಮಾತೇ ಹೋಯಿತು.

8 ಪೋರ್ಟಿನ ಗಿಗಾಬಿಟ್ ಸ್ವಿಚ್‌ನ ವಿವರಪಟ್ಟಿಯಲ್ಲಿ '16 ಗಿಗಾಬಿಟ್' ಎಂದು ಬರೆದಿರುವುದನ್ನು ನೋಡಿರಬಹುದು. 8 ಪೋರ್ಟ್‌ಗಳೂ ಎರಡೂ ದಿಕ್ಕಿನಲ್ಲಿ ಪೂರ್ತಿ ವೇಗದಲ್ಲಿ ಓಡಿದರೂ ಒಳಗೆ ಜಾಗವಿದೆ ಎಂದು ಅದರ ಅರ್ಥ. ಹಾಗಾದರೆ ಎಲ್ಲೂ ಹಂಚಿಕೆ ಇಲ್ಲವಾ? ಇದೆ, ಎರಡು ಕಡೆ. ಒಂದು, ಸಣ್ಣ ಸ್ವಿಚ್‌ನಿಂದ ದೊಡ್ಡದಕ್ಕೆ ಹೋಗುವ ಆ ಒಂದೇ ಕೇಬಲ್. ಕೋಣೆಯ 7 ಜನರೂ ಅದನ್ನೇ ಹಂಚಿಕೊಳ್ಳಬೇಕು. ಇನ್ನೊಂದು, ಫೈಲ್ ಸರ್ವರ್‌ನ ಪೋರ್ಟ್. ಎಲ್ಲರೂ ಅದನ್ನೇ ಬಯಸಿದರೆ ಅಲ್ಲಿ ಸಾಲು ನಿಲ್ಲುತ್ತದೆ. ಬಳಸದ ಪೋರ್ಟ್‌ಗಳಿಂದ ಕೇಬಲ್ ಕಿತ್ತರೆ ಇದರಲ್ಲಿ ಏನೂ ಬದಲಾಗುವುದಿಲ್ಲ.

ಮೂರಕ್ಕಿಂತ ಜಾಸ್ತಿ ಸ್ವಿಚ್ ಜೋಡಿಸಬಾರದು ಎಂಬುದೂ ಹಬ್ ಕಾಲದ ನೆನಪು. ಡಿಕ್ಕಿಯಾದದ್ದು ಕಳಿಸಿದವರಿಗೆ ಗೊತ್ತಾಗಬೇಕಾದರೆ ಸುದ್ದಿ ಒಂದು ನಿಗದಿತ ಸಮಯದೊಳಗೆ ಹಿಂದಕ್ಕೆ ಬರಬೇಕಿತ್ತು. 10 ಮೆಗಾಬಿಟ್ ಜಾಲದಲ್ಲಿ ಆ ಗಡುವು 51.2 ಮೈಕ್ರೊಸೆಕೆಂಡ್. ಹಬ್‌ಗಳು ಜಾಸ್ತಿಯಾದರೆ ಗಡುವು ಮೀರುತ್ತಿತ್ತು, ಅದಕ್ಕೇ ಮಿತಿ ಹಾಕಿದ್ದರು. ಡಿಕ್ಕಿಯೇ ಇಲ್ಲದ ಸ್ವಿಚ್‌ಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಸ್ವಿಚ್ ಇಡೀ ಫ್ರೇಮ್ ಪಡೆದು, ಹಾಳಾಗಿದೆಯಾ ಎಂದು ನೋಡಿ, ಆಮೇಲೆ ಮುಂದಕ್ಕೆ ಕಳಿಸುತ್ತದೆ. ಗಿಗಾಬಿಟ್ ವೇಗದಲ್ಲಿ ಅತಿ ದೊಡ್ಡ ಫ್ರೇಮ್‌ಗೆ ಇದರಿಂದ ಆಗುವ ತಡ ಸುಮಾರು 12 ಮೈಕ್ರೊಸೆಕೆಂಡ್. ನಾಲ್ಕು ಸ್ವಿಚ್ ದಾಟಿದರೂ ಮನುಷ್ಯರಿಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಸಾಲಾಗಿ ಜೋಡಿಸುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನಿಮ್ಮ ಮೇಲಿನ ಮಹಡಿಯಲ್ಲಿ ನಡುವಿನ ಸ್ವಿಚ್‌ನ ಅಡಾಪ್ಟರ್ ಕೆಟ್ಟರೆ ಅದರ ಆಚೆಗಿನವರೆಲ್ಲ ಹೊರಗುಳಿಯುತ್ತಾರೆ. ಸಾಲಿನ ಎಲ್ಲರ ಕೆಲಸವೂ ಮೊದಲ ಕೇಬಲ್ ಮೇಲೇ ಬೀಳುತ್ತದೆ. ತಪ್ಪು ಹುಡುಕುವಾಗ ಒಂದೊಂದನ್ನೂ ದಾಟಿ ಹೋಗಬೇಕು. ಸಾಧ್ಯವಾದರೆ ಪ್ರತಿ ಸಣ್ಣ ಸ್ವಿಚ್‌ಗೂ ದೊಡ್ಡದರಿಂದ ನೇರ ಕೇಬಲ್ ಎಳೆಸಿ.

ಸಾಮರ್ಥ್ಯ ತುಂಬಿದೆ ಎಂಬ ಮಾತಿಗೆ ಜಾಸ್ತಿ ಹೊತ್ತು ಬೇಡ. ಸಣ್ಣ ಸ್ವಿಚ್‌ಗಳ ಪಟ್ಟಿಯಲ್ಲೂ ಸಾವಿರಕ್ಕೂ ಹೆಚ್ಚು ಮ್ಯಾಕ್ ವಿಳಾಸಗಳಿಗೆ ಜಾಗವಿರುತ್ತದೆ. ನಿಮ್ಮ 40 ಕಂಪ್ಯೂಟರ್, ಪ್ರಿಂಟರ್, ಫೋನ್ ಎಲ್ಲ ಸೇರಿಸಿದರೂ ಅದರ ಒಂದು ಮೂಲೆ ತುಂಬುವುದಿಲ್ಲ.

ಇನ್ನು ಲೂಪ್. ಸಭಾ ಕೋಣೆಯಲ್ಲಿ ಏನಾಗುತ್ತಿರಬಹುದು ಎಂದು ಹೇಳುತ್ತೇನೆ. ನಾನು ಹೋದ ಎಷ್ಟೋ ಕಚೇರಿಗಳಲ್ಲಿ ಇದೇ ಕಂಡಿದೆ. ಮೇಜಿನ ಮೇಲೆ ಒಂದು ಸಣ್ಣ ಸ್ವಿಚ್. ಅದರಿಂದ ಒಂದೆರಡು ಕೇಬಲ್‌ಗಳು ಲ್ಯಾಪ್‌ಟಾಪ್‌ಗಾಗಿ ಹೊರಗೆ ಬಿದ್ದಿರುತ್ತವೆ. ಯಾರೋ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗುತ್ತಾರೆ, ಕೇಬಲ್‌ನ ತುದಿ ಸುಮ್ನೆ ಜೋತಾಡುತ್ತಿರುತ್ತದೆ. ಇನ್ನೊಬ್ಬರು ಬಂದು, ಮೇಜು ಚೊಕ್ಕವಾಗಿರಲಿ ಎಂದೋ, ಇದು ಕಳಚಿಬಿದ್ದಿದೆ ಎಂದೋ, ಆ ತುದಿಯನ್ನು ಅದೇ ಸ್ವಿಚ್‌ನ ಖಾಲಿ ಪೋರ್ಟಿಗೆ ಅಥವಾ ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಮೇಜಿನ ಫೋನ್‌ನಿಂದಲೂ ಹೀಗೆ ಆಗಬಹುದು. ನೆಟ್‌ವರ್ಕ್ ಕೇಬಲ್‌ನಲ್ಲೇ ಓಡುವ ಹಲವು ಐಪಿ ಫೋನ್‌ಗಳ ಹಿಂದೆ ಎರಡು ಪೋರ್ಟ್ ಇರುತ್ತವೆ. ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರ್‌ಗೆ. ಎರಡನ್ನೂ ಗೋಡೆಗೇ ಚುಚ್ಚಿದರೆ ಅದೂ ಲೂಪ್.

ಈಗ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಆ ಸಣ್ಣ ಸ್ವಿಚ್‌ಗೆ ಬರುತ್ತದೆ. ನಿಯಮದಂತೆ ಅದನ್ನು ಎಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ಲೂಪ್ ಕೇಬಲ್‌ನ ಒಂದು ತುದಿಯಿಂದ ಹೊರಟದ್ದು ಇನ್ನೊಂದು ತುದಿಯಿಂದ ಒಳಗೆ ಬರುತ್ತದೆ. ಸ್ವಿಚ್‌ಗೆ ಅದು ಹೊಸ ಫ್ರೇಮ್. ಮತ್ತೆ ಎಲ್ಲ ಕಡೆಗೂ ಕಳಿಸುತ್ತದೆ. ಅದು ಮತ್ತೆ ಸುತ್ತಿ ಬರುತ್ತದೆ. ಐಪಿ ಪ್ಯಾಕೆಟ್‌ನಲ್ಲಿ ಒಂದು ಎಣಿಕೆ ಇರುತ್ತದೆ, ಪ್ರತಿ ರೌಟರ್ ದಾಟಿದಾಗ ಒಂದೊಂದೇ ಕಡಿಮೆಯಾಗಿ ಸೊನ್ನೆ ಆದರೆ ಪ್ಯಾಕೆಟ್ ಸಾಯುತ್ತದೆ. ಈಥರ್‌ನೆಟ್ ಫ್ರೇಮ್‌ನಲ್ಲಿ ಅಂಥ ಎಣಿಕೆಯೇ ಇಲ್ಲ. ಹಾಗಾಗಿ ಅದು ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ ಒಂದು ಪ್ರತಿ ಉಳಿದ ಪೋರ್ಟ್‌ಗಳಿಗೆಲ್ಲ ಚೆಲ್ಲುತ್ತದೆ. ಕಂಪ್ಯೂಟರ್‌ಗಳು ಆಗಾಗ ಬ್ರಾಡ್‌ಕಾಸ್ಟ್ ಕಳಿಸುತ್ತಲೇ ಇರುವುದರಿಂದ ಸುತ್ತುವ ಫ್ರೇಮ್‌ಗಳು ಕೂಡುತ್ತಾ ಹೋಗುತ್ತವೆ. ಕೆಲವೇ ಕ್ಷಣಗಳಲ್ಲಿ ಕೇಬಲ್ ಪೂರ್ತಿ ತುಂಬುತ್ತದೆ. ಗಿಗಾಬಿಟ್ ಕೇಬಲ್‌ನಲ್ಲಿ 64 ಬೈಟ್‌ನ ಫ್ರೇಮ್‌ಗಳು ಒಂದು ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರ ಹೋಗಬಲ್ಲವು. ಬ್ರಾಡ್‌ಕಾಸ್ಟ್ ಆದ್ದರಿಂದ ಪ್ರತಿ ಕಂಪ್ಯೂಟರ್ ಕೂಡ ಅಷ್ಟನ್ನೂ ತೆರೆದು ನೋಡಬೇಕು. ಲೈಟುಗಳೆಲ್ಲ ಒಟ್ಟಿಗೆ ಮಿನುಗುವುದು ಇದಕ್ಕೇ.

ಇಷ್ಟೇ ಆಗಿದ್ದರೆ ನೆಟ್‌ವರ್ಕ್ ನಿಧಾನವಾಗಬೇಕಿತ್ತು. ಪೂರ್ತಿ ಯಾಕೆ ನಿಲ್ಲುತ್ತದೆ? ಇಲ್ಲಿ ಆ ಪಟ್ಟಿ ಕೆಡುತ್ತದೆ. ಕೆಳಗಿನ ಮಹಡಿಯ ಕಂಪ್ಯೂಟರ್ ಕಳಿಸಿದ ಬ್ರಾಡ್‌ಕಾಸ್ಟ್ ಸಭಾ ಕೋಣೆಯಲ್ಲಿ ಸುತ್ತಿ ದೊಡ್ಡ ಸ್ವಿಚ್‌ಗೆ ವಾಪಸು ಬರುತ್ತದೆ. ಅದರಲ್ಲಿರುವ ಕಳಿಸಿದವರ ವಿಳಾಸ ಆ ಕಂಪ್ಯೂಟರ್‌ನದ್ದೇ. ದೊಡ್ಡ ಸ್ವಿಚ್ 'ಓಹ್, ಈ ಯಂತ್ರ ಈಗ ಸಭಾ ಕೋಣೆಯ ಕಡೆ ಇದೆ' ಎಂದು ಪಟ್ಟಿ ತಿದ್ದುತ್ತದೆ. ಸರ್ವರ್‌ಗೂ ಹಾಗೇ, ರೌಟರ್‌ಗೂ ಹಾಗೇ. ಸ್ವಲ್ಪ ಹೊತ್ತಿಗೆ ಕಚೇರಿಯ ಎಲ್ಲರೂ ಸಭಾ ಕೋಣೆಯಲ್ಲೇ ಇದ್ದಾರೆ ಎಂದು ಅದು ನಂಬಿರುತ್ತದೆ. ನಿಮ್ಮ ಪಕ್ಕದಲ್ಲೇ ಇರುವ ಸರ್ವರ್‌ಗೆ ಕಳಿಸಿದ್ದೂ ಅಲ್ಲಿಗೆ ಹೋಗಿ ಸಾಯುತ್ತದೆ. ಮೇಲಿನ ಕೋಣೆಯ ಒಂದು ಗೇಣು ಕೇಬಲ್ ಕೆಳಗಿನ ಮಹಡಿಯನ್ನೂ ನಿಲ್ಲಿಸುವುದು ಹೀಗೆ.

ದೊಡ್ಡ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಯಾಕೆ ಸರಿಹೋಗುವುದಿಲ್ಲ ಎಂಬುದೂ ಈಗ ಅರ್ಥವಾಗುತ್ತದೆ. ಅದು ಆಫ್ ಆಗಿದ್ದಾಗಲೂ ಸಣ್ಣ ಸ್ವಿಚ್ ಒಳಗೆ ಫ್ರೇಮ್‌ಗಳು ಸುತ್ತುತ್ತಲೇ ಇರುತ್ತವೆ. ದೊಡ್ಡದು ಎದ್ದ ಕೂಡಲೇ ಅದೇ ಪ್ರವಾಹ ಮತ್ತೆ ನುಗ್ಗುತ್ತದೆ. ಆಮೇಲೆ ಯಾರೋ ಮೀಟಿಂಗ್ ಮುಗಿಸಿ ಕೇಬಲ್ ಕೀಳುತ್ತಾರೆ. ನಿಮಗೆ ಅದು ತಾನಾಗಿಯೇ ಸರಿಯಾದಂತೆ ಕಾಣುತ್ತದೆ. ಸ್ವಿಚ್ ನಿಜವಾಗಿ ಕೆಟ್ಟಿದ್ದರೆ ಮೀಟಿಂಗ್ ಇರುವ ದಿನವನ್ನೇ ಹುಡುಕಿಕೊಂಡು ಕೆಡುತ್ತಿರಲಿಲ್ಲ ಅಲ್ವಾ?

ಇದನ್ನು ಖಚಿತಪಡಿಸಿಕೊಳ್ಳಲು ಯಾವ ಉಪಕರಣವೂ ಬೇಡ. ಮುಂದಿನ ಸಲ ನಿಂತಾಗ ದೊಡ್ಡ ಸ್ವಿಚ್ ಆಫ್ ಮಾಡಲು ಹೋಗಬೇಡಿ. ಅದರಿಂದ ಸಭಾ ಕೋಣೆಗೆ ಹೋಗುವ ಕೇಬಲ್ ಒಂದನ್ನೇ ಕೀಳಿ. ಉಳಿದ ಲೈಟುಗಳು ಕೂಡಲೇ ಶಾಂತವಾದರೆ ತಪ್ಪು ಆ ಕಡೆ ಇದೆ. ಒಂದಷ್ಟು ಯಂತ್ರಗಳಿಗೆ ಪೂರ್ತಿ ಸರಿಹೋಗಲು ಸ್ವಲ್ಪ ಹೊತ್ತು ಬೇಕಾಗಬಹುದು, ಕಾಯಿರಿ. ಶಾಂತವಾಗದಿದ್ದರೆ ಅದನ್ನು ಮತ್ತೆ ಚುಚ್ಚದೆ ಬೇರೆ ಸಣ್ಣ ಸ್ವಿಚ್‌ಗಳ ಕೇಬಲ್‌ಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಕೋಣೆ ಗೊತ್ತಾದ ಮೇಲೆ ಪ್ರತಿ ಕೇಬಲ್‌ನ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು ನೋಡಿ. ಕಣ್ಣಳತೆಯಲ್ಲಿ ನಂಬಬೇಡಿ, ಮೇಜಿನ ಹಿಂದೆ ಕೇಬಲ್‌ಗಳು ತುಂಬ ಮೋಸ ಮಾಡುತ್ತವೆ.

ಇದಕ್ಕೆ ಶಾಶ್ವತ ಪರಿಹಾರ ಏನು? ನಿಮ್ಮ ಮುಂದೆ ಎರಡು ದಾರಿಗಳಿವೆ. ಎರಡಕ್ಕೂ ಅದರದರ ಅಪಾಯವಿದೆ.

ಮೊದಲನೆಯದು ಏನೂ ಕೊಳ್ಳದೆ ವೈರಿಂಗ್ ಸರಿಮಾಡುವುದು. ಸಭಾ ಕೋಣೆಯ ಸ್ವಿಚ್ಚನ್ನು ಮೇಜಿನಿಂದ ತೆಗೆದು ಕೈಗೆ ಸಿಗದ ಕಡೆ ಇಡಿ. ಬೇಕಾದಷ್ಟೇ ಕೇಬಲ್ ಹೊರಗೆ ಬಿಡಿ. ಗೋಡೆಯಲ್ಲಿ ಬಳಸದ ಸಾಕೆಟ್ ಇದ್ದರೆ, ದೊಡ್ಡ ಸ್ವಿಚ್ ಕಡೆಯ ತುದಿಯನ್ನು ಕೀಳಿ. ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಇಷ್ಟರಿಂದಲೇ ಎಷ್ಟೋ ಕಚೇರಿಗಳು ನೆಮ್ಮದಿಯಾಗಿವೆ. ಅಪಾಯ ಏನೆಂದರೆ ಎಲ್ಲವೂ ಮನುಷ್ಯರ ಎಚ್ಚರದ ಮೇಲೆ ನಿಂತಿರುತ್ತದೆ. ಹೊಸಬರು ಬಂದು ಹೊಸ ಕಡೆ ಚುಚ್ಚಿದರೆ ಮತ್ತೆ ಅದೇ.

ಎರಡನೆಯದು ದೊಡ್ಡ ಸ್ವಿಚ್ ಜಾಗಕ್ಕೆ ಮ್ಯಾನೇಜ್ಡ್ ಸ್ವಿಚ್ ತರುವುದು. ಅಂದರೆ ಸೆಟ್ಟಿಂಗ್ ಮಾಡಬಹುದಾದ ಸ್ವಿಚ್. ಇದರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಇರುತ್ತದೆ. 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಅದನ್ನು ರೂಪಿಸಿದರು. 1990ರಲ್ಲಿ ಅದು 802.1ಡಿ ಎಂಬ ಮಾನದಂಡವಾಯಿತು. ಸ್ವಿಚ್‌ಗಳು 2 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸಿ ಪರಸ್ಪರ ಗುರುತಿಸಿಕೊಳ್ಳುತ್ತವೆ. ತಮ್ಮಲ್ಲಿ ಒಂದನ್ನು ಮೂಲ ಎಂದು ಆರಿಸುತ್ತವೆ. ಅಲ್ಲಿಗೆ ಎರಡು ದಾರಿ ಇದ್ದರೆ ಒಂದನ್ನು ಮುಚ್ಚುತ್ತವೆ. ತೆರೆದ ದಾರಿ ಕೆಟ್ಟರೆ ಮುಚ್ಚಿದ್ದನ್ನು ತೆರೆಯುತ್ತವೆ. ಲೂಪ್‌ನ ಭಯವಿಲ್ಲದೆ ಹೆಚ್ಚುವರಿ ಕೇಬಲ್ ಇಟ್ಟುಕೊಳ್ಳಲು ಇದೇ ದಾರಿ. ನನ್ನ ಮಟ್ಟಿಗೆ, ಸ್ಥಳೀಯ ನೆಟ್‌ವರ್ಕ್‌ಗಳನ್ನು ಇಷ್ಟು ವರ್ಷ ನಿಲ್ಲದಂತೆ ಕಾಪಾಡಿದ ಕೆಲಸಗಳಲ್ಲಿ ಇದಕ್ಕೆ ದೊಡ್ಡ ಪಾಲಿದೆ.

ಆದರೆ ಸುಮ್ನೆ ತಂದು ಚುಚ್ಚಿದರೆ ಸಾಲದು. ಮೂರು ವಿಷಯ ನೋಡಿಕೊಳ್ಳಿ. ಹಳೆಯ ಸ್ಪ್ಯಾನಿಂಗ್ ಟ್ರೀ ಒಂದು ಪೋರ್ಟ್ ತೆರೆಯಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕೆಲವು ಕಂಪ್ಯೂಟರ್‌ಗಳು ಐಪಿ ವಿಳಾಸ ಕೇಳಿ ಸೋತು ಕುಳಿತಿರುತ್ತವೆ. ಹಾಗಾಗಿ 2001ರಲ್ಲಿ ಬಂದ ವೇಗದ ರೂಪವನ್ನೇ ಆರಿಸಿ, ಅದರ ಹೆಸರು ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ. ಕಂಪ್ಯೂಟರ್ ಮಾತ್ರ ಇರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿ, ಅವು ಕೂಡಲೇ ತೆರೆಯುತ್ತವೆ. ಎರಡನೆಯದು, ಮೂಲ ಸ್ವಿಚ್ ಯಾವುದೆಂದು ನೀವೇ ಹೇಳಿ. ಹೇಳದಿದ್ದರೆ ಎಲ್ಲದರ ಆದ್ಯತೆಯೂ 32768 ಇರುತ್ತದೆ, ಆಗ ಮ್ಯಾಕ್ ವಿಳಾಸ ಚಿಕ್ಕದಿರುವುದು ಗೆಲ್ಲುತ್ತದೆ. ಎಲ್ಲೋ ಮೂಲೆಯ ಹಳೆಯ ಸ್ವಿಚ್ಚೇ ಮೂಲವಾಗಿ ಎಲ್ಲರ ದಾರಿ ಸುತ್ತುಬಳಸಾಗಬಹುದು. ನಡುವಿನ ದೊಡ್ಡ ಸ್ವಿಚ್‌ಗೆ ಆದ್ಯತೆಯ ಸಂಖ್ಯೆ ಕಡಿಮೆ ಮಾಡಿ, 4096 ಸಾಕು.

ಮೂರನೆಯದನ್ನು ಬಹಳ ಜನ ಬಿಡುತ್ತಾರೆ. ದೊಡ್ಡದು ಮಾತ್ರ ಹೊಸದಾಗಿ, ಸಣ್ಣವು ಹಳೆಯವೇ ಆಗಿದ್ದರೆ ಲೂಪ್ ಆಗುವುದು ಸಣ್ಣದರ ಒಳಗೆ. ಅದಕ್ಕೆ ಸ್ಪ್ಯಾನಿಂಗ್ ಟ್ರೀ ಗೊತ್ತೇ ಇಲ್ಲ. ಎಷ್ಟೋ ಸಣ್ಣ ಸ್ವಿಚ್‌ಗಳು ದೊಡ್ಡದರ ಸಂದೇಶವನ್ನು ಸಾಮಾನ್ಯ ಫ್ರೇಮ್‌ನಂತೆ ಸುತ್ತಿಸಿ ವಾಪಸು ಕಳಿಸುತ್ತವೆ. ಆಗ ದೊಡ್ಡದಕ್ಕೆ ಗೊತ್ತಾಗಿ ಆ ಪೋರ್ಟ್ ಮುಚ್ಚಬಹುದು. ಆ ಸಂದೇಶದ ಹೆಸರು ಬಿಪಿಡಿಯು, ಬಿಪಿಡಿಯು ಗಾರ್ಡ್ ಎಂಬ ಸೆಟ್ಟಿಂಗ್ ಈ ಕೆಲಸಕ್ಕೇ ಇದೆ. ಆದರೆ ಕೆಲವು ಸಣ್ಣ ಸ್ವಿಚ್‌ಗಳು ಆ ಸಂದೇಶವನ್ನು ದಾಟಿಸದೆ ನುಂಗಿಬಿಡುತ್ತವೆ. ಆಗ ದೊಡ್ಡದಕ್ಕೆ ಏನೂ ಕಾಣುವುದಿಲ್ಲ. ಆದ್ದರಿಂದ ಸ್ಟಾರ್ಮ್ ಕಂಟ್ರೋಲ್ ಕೂಡ ಆನ್ ಮಾಡಿ. ಒಂದು ಪೋರ್ಟಿನಿಂದ ಮಿತಿ ಮೀರಿ ಬ್ರಾಡ್‌ಕಾಸ್ಟ್ ಬಂದರೆ ಅದು ತಡೆಯುತ್ತದೆ. ಲೂಪ್ ಪತ್ತೆ ಮಾಡುವ ಪ್ರತ್ಯೇಕ ಸೌಲಭ್ಯವಿದ್ದರೆ ಅದನ್ನೂ ಬಳಸಿ. ಹೀಗೆ ಮಾಡಿದರೆ ಸಭಾ ಕೋಣೆ ನಿಲ್ಲಬಹುದು, ಕಚೇರಿ ನಿಲ್ಲುವುದಿಲ್ಲ.

ಮ್ಯಾನೇಜ್ಡ್ ಸ್ವಿಚ್ ತಂದ ಮೇಲೆ ಅದಕ್ಕೊಬ್ಬರು ಜವಾಬ್ದಾರರು ಬೇಕು. ಮೊದಲೇ ಇಟ್ಟು ಬಂದ ಪಾಸ್‌ವರ್ಡ್ ಬದಲಾಯಿಸಬೇಕು. ಸೆಟ್ಟಿಂಗ್ ಉಳಿಸುವ ಆಜ್ಞೆಯನ್ನು ಕೊಡದಿದ್ದರೆ, ಹಲವು ಮಾದರಿಗಳಲ್ಲಿ ಕರೆಂಟ್ ಹೋಗಿ ಬಂದಾಗ ಎಲ್ಲ ಅಳಿಸಿಹೋಗಿರುತ್ತದೆ. ಮುಚ್ಚಿಹೋದ ಪೋರ್ಟನ್ನು ತೆರೆಯಲು ಗೊತ್ತಿರುವವರು ರಜೆಯಲ್ಲಿದ್ದರೆ ಕಷ್ಟ. ಈ ಜವಾಬ್ದಾರಿ ಹೊರುವವರು ನಿಮ್ಮಲ್ಲಿ ಇದ್ದಾರೆ ಎಂದಾದರೆ ಖಂಡಿತ ತನ್ನಿ. 40 ಯಂತ್ರಗಳ ಕಚೇರಿಗೆ ಅದು ಅತಿಯಲ್ಲ. ಆದರೆ ವೈರಿಂಗ್ ಸರಿಮಾಡಿದ ಮೇಲೆ ತನ್ನಿ.

ಒಂದು ಎಚ್ಚರಿಕೆ. ವೇಗ ಎರಡರಷ್ಟಾಗಲಿ ಎಂದು ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕುವ ಸಲಹೆಯೂ ನಿಮಗೆ ಬರಬಹುದು. ಸೆಟ್ಟಿಂಗ್ ಇಲ್ಲದ ಸ್ವಿಚ್‌ಗಳಲ್ಲಿ ಅದು ನೇರವಾಗಿ ಲೂಪ್. ಎರಡೂ ಕಡೆ ಲಿಂಕ್ ಅಗ್ರಿಗೇಷನ್, ಅಂದರೆ ಎರಡು ಕೇಬಲ್‌ಗಳನ್ನು ಒಂದೇ ಎಂಬಂತೆ ಬಳಸುವ ವ್ಯವಸ್ಥೆ, ಸೆಟ್ ಮಾಡಿದರೆ ಮಾತ್ರ ಸರಿ. ಆಗಲೂ ಒಂದು ಫೈಲ್ ಕಾಪಿ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ. ಲಾಭ ಸಿಗುವುದು ಹಲವರು ಒಟ್ಟಿಗೆ ಬಳಸುವಾಗ.

ಕೇಬಲ್ ಕಿತ್ತರೂ ಲೈಟುಗಳು ಶಾಂತವಾಗದಿದ್ದರೆ, ಅಥವಾ ನೆಟ್‌ವರ್ಕ್ ನಿಂತಾಗ ಲೈಟುಗಳು ಸಾಮಾನ್ಯವಾಗಿಯೇ ಇದ್ದರೆ, ನನ್ನ ಊಹೆ ಬದಲಾಗುತ್ತದೆ. ಕೆಲವರಿಗೆ ಮಾತ್ರ ಇಂಟರ್ನೆಟ್ ಹೋಗಿ ಉಳಿದವರಿಗೆ ಇದ್ದರೆ, ಯಾರೋ ಹಳೆಯ ವೈಫೈ ರೌಟರನ್ನು ಸ್ವಿಚ್‌ನಂತೆ ಬಳಸುತ್ತಿರಬಹುದು. ಅದು ತನ್ನದೇ ಐಪಿ ವಿಳಾಸ ಹಂಚುತ್ತಿರುತ್ತದೆ. ತೊಂದರೆಯಲ್ಲಿರುವ ಕಂಪ್ಯೂಟರ್‌ನ ಗೇಟ್‌ವೇ ವಿಳಾಸ (ಹೊರಗೆ ಹೋಗಲು ಅದು ಬಳಸುವ ರೌಟರ್‌ನ ವಿಳಾಸ) ಉಳಿದವರಿಗಿಂತ ಬೇರೆಯಾಗಿದ್ದರೆ ಅದೇ ಕಾರಣ. ಲೈಟುಗಳೆಲ್ಲ ಒಮ್ಮೆಲೇ ಆರಿ ಮತ್ತೆ ಹತ್ತುತ್ತಿದ್ದರೆ ಅಡಾಪ್ಟರ್ ಸೋಲುತ್ತಿದೆ. ಆಗ ಮೊದಲು ಅದನ್ನೇ ಬದಲಾಯಿಸಿ ನೋಡಿ.

ಕೊನೆಗೆ ಲೆಕ್ಕಪತ್ರದವರ ಕಂಪ್ಯೂಟರ್. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ತಂತಿ ತುಂಡಾದರೆ ಅಥವಾ ಪಿನ್ ಸರಿಯಾಗಿ ಕೂರದಿದ್ದರೆ, ಎರಡೂ ಕಡೆಯವರು ಮಾತಾಡಿಕೊಂಡು 100 ಮೆಗಾಬಿಟ್‌ಗೆ ಇಳಿಯಬಹುದು. ಸಂಪರ್ಕ ಇರುತ್ತದೆ, ಇಂಟರ್ನೆಟ್ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ದೊಡ್ಡ ಫೈಲ್ ಕಾಪಿ ಮಾಡಿದಾಗಲೇ ಗೊತ್ತಾಗುವುದು. 10 ಗಿಗಾಬೈಟ್ ಫೈಲ್‌ಗೆ ಗಿಗಾಬಿಟ್‌ನಲ್ಲಿ ಒಂದೂವರೆ ನಿಮಿಷ ಸಾಕು, 100 ಮೆಗಾಬಿಟ್‌ನಲ್ಲಿ ಸುಮಾರು 15 ನಿಮಿಷ ಬೇಕು. ಕಂಪ್ಯೂಟರ್‌ನ ನೆಟ್‌ವರ್ಕ್ ಸ್ಥಿತಿಯಲ್ಲಿ ವೇಗ ಎಷ್ಟು ತೋರಿಸುತ್ತದೆ ನೋಡಿ. ಅನೇಕ ಸ್ವಿಚ್‌ಗಳಲ್ಲಿ ಪೋರ್ಟ್ ಲೈಟಿನ ಬಣ್ಣವೂ ಇದನ್ನು ಹೇಳುತ್ತದೆ. 100 ಎಂದಿದ್ದರೆ ಮೊದಲು ಕಂಪ್ಯೂಟರ್‌ನಿಂದ ಗೋಡೆಗೆ ಹೋಗುವ ಸಣ್ಣ ಕೇಬಲ್ ಬದಲಿಸಿ. ಆಮೇಲೆ ಸ್ವಿಚ್‌ನಲ್ಲಿ ಬೇರೆ ಪೋರ್ಟ್. ಅದಕ್ಕೂ ಬಗ್ಗದಿದ್ದರೆ ಗೋಡೆಯ ಒಳಗಿನ ಕೇಬಲ್, ಅದರ ಸಾಕೆಟ್ ಹಿಂದಿನ ತಂತಿಗಳು. ಒಟ್ಟು ಉದ್ದ 100 ಮೀಟರ್ ಮೀರಿದೆಯಾ ಎಂದೂ ನೋಡಿ.

ಕೇಬಲ್ ಸರಿಯಿದ್ದೂ ನಿಧಾನವಾಗಿದ್ದರೆ ನೆಟ್‌ವರ್ಕ್ ಕಾರ್ಡ್‌ನ ಸೆಟ್ಟಿಂಗ್ ತೆರೆಯಿರಿ. ಯಾರಾದರೂ ಅಲ್ಲಿ '100 ಫುಲ್ ಡ್ಯೂಪ್ಲೆಕ್ಸ್' (ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೆ) ಎಂದು ಕೈಯಾರೆ ಇಟ್ಟಿರಬಹುದು. ಆಗ ಕಾರ್ಡ್ ತನ್ನ ಬಗ್ಗೆ ಏನೂ ಹೇಳುವುದಿಲ್ಲ. ಸ್ವಿಚ್ ವೇಗವನ್ನು ಹೇಗೋ ಗುರುತಿಸುತ್ತದೆ, ಆದರೆ ಹಾಫ್ ಡ್ಯೂಪ್ಲೆಕ್ಸ್ (ಒಂದು ಸಲಕ್ಕೆ ಒಂದು ದಿಕ್ಕು ಮಾತ್ರ) ಎಂದು ತಿಳಿದುಕೊಳ್ಳುತ್ತದೆ. ಒಂದು ಕಡೆಯವರು ಯಾವಾಗ ಬೇಕಾದರೂ ಕಳಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನು ಡಿಕ್ಕಿ ಎಂದುಕೊಂಡು ನಿಲ್ಲಿಸುತ್ತಾರೆ. ಪಿಂಗ್ (ಸಂಪರ್ಕ ಇದೆಯಾ ಎಂದು ನೋಡುವ ಸಣ್ಣ ಪರೀಕ್ಷೆ) ಸರಿಯಾಗಿಯೇ ಬರುತ್ತದೆ, ಫೈಲ್ ಕಾಪಿ ಮಾತ್ರ ತೆವಳುತ್ತದೆ. ಅದನ್ನು 'ಆಟೊ' ಎಂದು ಬದಲಿಸಿ, ಕೇಬಲ್ ಒಮ್ಮೆ ಕಿತ್ತು ಮತ್ತೆ ಚುಚ್ಚಿ, 1 ಗಿಗಾಬಿಟ್ ಎಂದು ತೋರಿಸುತ್ತದೆಯಾ ನೋಡಿ.